ಮಾಂಟ್ಗೊಮೆರಿಯ ಬಸ್ಸನ್ನು ಖಾಲಿ ಮಾಡಿದ ಹೆಂಗಸರು

1950ರ ದಶಕದಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯಲ್ಲಿ ಓಡಾಡುತ್ತಿದ್ದ ಸಿಟಿ ಬಸ್ಸಿಗೆ 36 ಸೀಟು. ಮುಂದಿನ 10 ಬಿಳಿಯರಿಗೆ. ಬಸ್ಸಿನಲ್ಲಿ ಒಬ್ಬ ಬಿಳಿಯನೂ ಇಲ್ಲದಿದ್ದರೂ ಆ ಸೀಟುಗಳು ಖಾಲಿಯೇ ಓಡಬೇಕು, ಕಪ್ಪು ಹೆಂಗಸು ಕಂಕುಳಲ್ಲಿ ಕೂಸು ಎತ್ತಿಕೊಂಡು ಅವುಗಳ ಪಕ್ಕದಲ್ಲೇ ನಿಂತಿರಬೇಕು. ಹಿಂದಿನ 10 ಕಪ್ಪು ಜನರಿಗೆ. ನಡುವಿನ 16 ಡ್ರೈವರ್ ಹೇಳಿದಂತೆ. ಕಂಡಕ್ಟರ್ ಇರಲಿಲ್ಲ, ಡ್ರೈವರ್ ಪಕ್ಕದ ಡಬ್ಬಿಗೆ 10 ಸೆಂಟು ಹಾಕಬೇಕು. ಕಪ್ಪು ಪ್ರಯಾಣಿಕರು ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಹಾಕಿ, ಕೆಳಗಿಳಿದು, ಹಿಂದಿನ ಬಾಗಿಲಿಗೆ ನಡೆದು ಮತ್ತೆ ಹತ್ತಬೇಕೆಂದು ಎಷ್ಟೋ ಡ್ರೈವರುಗಳು ಹಟ ಹಿಡಿಯುತ್ತಿದ್ದರು. ಆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಗಾಡಿ ಬಿಟ್ಟುಕೊಂಡು ಹೋದದ್ದೂ ಉಂಟು.

ನಾನು ಮೈಸೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತಳಾದವಳು. ದುಡ್ಡು ತೆಗೆದುಕೊಂಡು ಟಿಕೆಟ್ ಕೊಡದಿದ್ದರೆ ಲೈನ್ ಚೆಕಿಂಗ್‌ನವರ ಕೈಗೆ ಸಿಕ್ಕಿ ಮೆಮೊ ತಿನ್ನುವ ಕೆಲಸ ನಮ್ಮದು. ದುಡ್ಡು ಇಸಿದುಕೊಂಡು ಮನುಷ್ಯರನ್ನೇ ಬಿಟ್ಟುಹೋಗುವುದು ಅಲ್ಲಿ ದಿನದ ಮಾತಾಗಿತ್ತು ಎಂದು ಓದಿದಾಗ ನನಗೆ ಹೊಟ್ಟೆ ಉರಿಯಿತು. ಸೀಟಿನಿಂದ ಜನರನ್ನು ನಾನೂ ಎಬ್ಬಿಸಿದ್ದೇನೆ. ಮಹಿಳೆಯರ ಸೀಟಿನಲ್ಲಿ ಕೂತ ಗಂಡಸರಿಗೆ ‘ಏಳಿ ಸ್ವಾಮಿ’ ಎಂದರೆ ಗೊಣಗುತ್ತಾ ಏಳುತ್ತಿದ್ದರು, ಮಾರನೆಯ ದಿನ ಅವರೇ ನಗುತ್ತಾ ಪಾಸು ತೋರಿಸುತ್ತಿದ್ದರು. ಆದರೆ ಮಾಂಟ್ಗೊಮೆರಿಯ ಡ್ರೈವರಿಗೆ ನಗರದ ಕಾನೂನೇ ಪೊಲೀಸರ ಅಧಿಕಾರ ಕೊಟ್ಟಿತ್ತು. ಅದೇ ಕಾನೂನಿನ ಇನ್ನೊಂದು ಕಲಮಿನ ಪ್ರಕಾರ, ತಮ್ಮ ವರ್ಣದವರಿಗೆಂದು ಇಟ್ಟ ಕಡೆ ಬೇರೆ ಸೀಟು ಖಾಲಿ ಇದ್ದರೆ ಮಾತ್ರ ಎದ್ದು ಅಲ್ಲಿಗೆ ಹೋಗೆನ್ನಬಹುದು. ಬಸ್ಸು ತುಂಬಿರುವಾಗ ಕೂತವರನ್ನು ಎಬ್ಬಿಸಿ ನಿಲ್ಲಿಸುವ ಹಕ್ಕು ಡ್ರೈವರಿಗೆ ಇರಲಿಲ್ಲ. ಆ ಕಲಮನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ.

ರೋಸಾ ಪಾರ್ಕ್ಸ್ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ದಿನವಿಡೀ ಹೊಲಿದು ದಣಿದ ಹೆಂಗಸೊಬ್ಬಳು ಸೀಟು ಬಿಡಲಿಲ್ಲ, ಆಮೇಲೆ ಮಾರ್ಟಿನ್ ಲೂಥರ್ ಕಿಂಗ್ ಬಂದರು, ಬಸ್ ಬಹಿಷ್ಕಾರ ಗೆದ್ದಿತು. ಕಥೆಯನ್ನು ಇಷ್ಟಕ್ಕೇ ನಿಲ್ಲಿಸುವುದು ಅನ್ಯಾಯ. 381 ದಿನ ಒಂದು ಊರಿನ ಬಸ್ಸು ಖಾಲಿ ಓಡಬೇಕಾದರೆ ಅದರ ಹಿಂದೆ ಎಷ್ಟು ಕೆಲಸ ಇರಬೇಕು! ಆ ಕೆಲಸದ ಬಹುಪಾಲನ್ನು ಮಾಡಿದವರು ಹೆಂಗಸರು, ಮಾಡಿದ್ದು ಕಿಂಗ್ ಆ ಊರಿಗೆ ಬರುವುದಕ್ಕೂ ಮುಂಚಿನಿಂದ.

1946ರಲ್ಲಿ ಮೇರಿ ಫೇರ್ ಬರ್ಕ್ಸ್ ಎಂಬ ಕಾಲೇಜು ಅಧ್ಯಾಪಕಿ ಅಲ್ಲಿ ಮಹಿಳಾ ರಾಜಕೀಯ ಮಂಡಳಿಯನ್ನು ಕಟ್ಟಿದರು. ಕಪ್ಪು ಜನರನ್ನು ಮತದಾರರಾಗಿ ನೋಂದಾಯಿಸುವುದು, ಅಧಿಕಾರಿಗಳ ಮುಂದೆ ದೂರು ಇಡುವುದು ಅವರ ಕೆಲಸ. 1949ರ ಡಿಸೆಂಬರಿನಲ್ಲಿ ಜೋ ಆನ್ ರಾಬಿನ್ಸನ್ ಎಂಬ ಇಂಗ್ಲಿಷ್ ಅಧ್ಯಾಪಕಿ ಕ್ರಿಸ್‌ಮಸ್ ರಜೆಗೆ ವಿಮಾನ ಹಿಡಿಯಲು ಹೊರಟವರು ಬಸ್ಸು ಹತ್ತಿದರು. ಅಲಬಾಮಾ ಸ್ಟೇಟ್ ಕಾಲೇಜಿಗೆ ಆಗಷ್ಟೇ ಸೇರಿದ್ದರು. ಬಸ್ಸು ಹೆಚ್ಚುಕಡಿಮೆ ಖಾಲಿ. ಮುಂದಿನಿಂದ ಐದನೇ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿದ್ದಾರೆ. ಡ್ರೈವರ್ ಗಾಡಿ ನಿಲ್ಲಿಸಿ, ಎದ್ದು ಬಂದು, ಹೊಡೆಯುವವನಂತೆ ಕೈ ಎತ್ತಿ, ಏಳು ಎಂದು ಅಬ್ಬರಿಸಿದ. ಅವರು ಅಳುತ್ತಾ ಇಳಿದು ಓಡಿದರು. ಇದನ್ನು ಮಂಡಳಿಯಲ್ಲಿ ಹೇಳಿಕೊಂಡರೆ ಅಲ್ಲಿದ್ದವರಲ್ಲಿ ಎಷ್ಟೋ ಜನರ ಹತ್ತಿರ ಇಂಥದ್ದೇ ಕಥೆ ಇತ್ತು.

ಮುಂದೆ ರಾಬಿನ್ಸನ್ ಆ ಮಂಡಳಿಯ ಅಧ್ಯಕ್ಷೆಯಾದರು. 1954ರ ಮೇ 21ರಂದು ನಗರದ ಮೇಯರ್ ಡಬ್ಲ್ಯು. ಎ. ಗೇಲ್ ಅವರಿಗೆ ಪತ್ರ ಬರೆದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟು ತೀರ್ಪಿತ್ತು ಆಗ ನಾಲ್ಕು ದಿನವಾಗಿತ್ತು. ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ಕೂರುತ್ತಾ ಬರಲಿ, ಬಸ್ಸು ತುಂಬುವ ತನಕ. ಮುಂದೆ ದುಡ್ಡು ಕೊಟ್ಟು ಹಿಂದೆ ಹತ್ತುವ ಪದ್ಧತಿ ನಿಲ್ಲಲಿ. ಬಿಳಿಯರ ಬಡಾವಣೆಗಳಲ್ಲಿ ಪ್ರತಿ ಮೂಲೆಗೂ ನಿಲ್ಲುವ ಬಸ್ಸು ಕಪ್ಪು ಜನರ ಕೇರಿಗಳಲ್ಲೂ ಹಾಗೇ ನಿಲ್ಲಲಿ. ಕೇಳಿದ್ದು ಇಷ್ಟೇ. ಇದು ಬಸ್ಸಿನಲ್ಲಿ ದಿನಾ ಓಡಾಡುವವರ ಕಷ್ಟ ಬಲ್ಲವರು ಬರೆದ ಪತ್ರ ಎಂದು ಮೂರನೆಯ ಬೇಡಿಕೆ ನೋಡಿಯೇ ನಾನು ಹೇಳಬಲ್ಲೆ. ಸ್ಟಾಪು ದೂರವಾದರೆ ಮಳೆಗಾಲದಲ್ಲಿ ಏನಾಗುತ್ತದೆ, ತಲೆಯ ಮೇಲೆ ಗಂಟು ಇದ್ದರೆ ಏನಾಗುತ್ತದೆ ಎಂಬುದು ಕಾರಿನಲ್ಲಿ ಓಡಾಡುವವರಿಗೆ ಹೊಳೆಯುವ ಸಂಗತಿಯಲ್ಲ. ರಾಬಿನ್ಸನ್ ಸ್ವತಃ ಕಾರು ಇಟ್ಟುಕೊಂಡವರು, ಆದರೂ ಅವರಿಗೆ ಅದು ಗೊತ್ತಿತ್ತು. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ನಮ್ಮವರು, ನಾವು ಹತ್ತದಿದ್ದರೆ ನಿಮ್ಮ ಬಸ್ಸು ನಡೆಯುವುದಿಲ್ಲ, ಬಹಿಷ್ಕಾರದ ಮಾತು 25ಕ್ಕೂ ಹೆಚ್ಚು ಸಂಘಗಳಲ್ಲಿ ನಡೆದಿದೆ ಎಂದೂ ಮರ್ಯಾದೆಯ ಮಾತಿನಲ್ಲೇ ತಿಳಿಸಿದ್ದರು. ರೋಸಾ ಪಾರ್ಕ್ಸ್ ಸೀಟು ಬಿಡದೆ ಕೂರುವುದಕ್ಕೆ ಇನ್ನೂ ಒಂದೂವರೆ ವರ್ಷ ಇತ್ತು.

ಅವರಿಗಿಂತ ಮುಂಚೆ ಕೂತವರೂ ಇದ್ದರು. 1955ರ ಮಾರ್ಚ್ 2ರಂದು ಶಾಲೆ ಬಿಟ್ಟು ಮನೆಗೆ ಹೊರಟ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಏಳಲಿಲ್ಲ. ಪೊಲೀಸರು ಪುಸ್ತಕ ಚೆಲ್ಲಾಪಿಲ್ಲಿ ಮಾಡಿ, ಎಳೆದು, ಕೈಗೆ ಕೋಳ ಹಾಕಿ, ದೊಡ್ಡವರನ್ನಿಡುವ ಜೈಲಿಗೆ ತಳ್ಳಿದರು. ಅದರ ಹಿಂದಿನ ತಿಂಗಳಷ್ಟೇ ಶಾಲೆಯಲ್ಲಿ ಕಪ್ಪು ಜನರ ಚರಿತ್ರೆ ಹೇಳಿಕೊಟ್ಟಿದ್ದರು. ಗುಲಾಮರನ್ನು ಬಿಡಿಸಿ ಕರೆತಂದ ಹ್ಯಾರಿಯೆಟ್ ಟಬ್‌ಮನ್, ಗುಲಾಮಗಿರಿಯಿಂದ ಹೊರಬಂದು ಊರೂರಿನಲ್ಲಿ ಭಾಷಣ ಮಾಡಿದ ಸೊಜರ್ನರ್ ಟ್ರೂತ್, ಇವರಿಬ್ಬರೂ ತನ್ನ ಹೆಗಲು ಅದುಮಿ ಕೂರಿಸಿದಂತಾಯಿತು ಎಂದು ಕಾಲ್ವಿನ್ ಮುಂದೆ ಅನೇಕ ಸಲ ಹೇಳಿದ್ದಾರೆ. ಪಾಠ ಕೇಳಿದ ಹುಡುಗಿ ಬಸ್ಸಿನಲ್ಲಿ ಆ ಪಾಠವನ್ನು ನೆನೆದಳು. ಮೇಷ್ಟ್ರ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸನ್ಮಾನವನ್ನು ನಾನು ಕೇಳಿಲ್ಲ.

ಆದರೆ ಕಪ್ಪು ಸಮುದಾಯದ ಮುಖಂಡರು ಅವಳ ಕೇಸನ್ನು ಮುಂದೆ ಮಾಡಿಕೊಂಡು ಹೋರಾಟಕ್ಕಿಳಿಯಲಿಲ್ಲ. ಚಿಕ್ಕ ಹುಡುಗಿ, ಬಡ ಕೇರಿಯವಳು, ಬಾಯಿ ಜೋರು ಎಂದರು. ಆಮೇಲೆ ಅವಳು ಬಸುರಿಯಾದದ್ದೂ ಸೇರಿಕೊಂಡಿತು. ತನ್ನ ಮೈಬಣ್ಣ ಇನ್ನಷ್ಟು ಕಪ್ಪಾಗಿದ್ದದ್ದೂ ಕಾರಣ ಎಂದು ಆಕೆಯೇ ಹೇಳಿದ್ದಾರೆ. ಅಕ್ಟೋಬರಿನಲ್ಲಿ ಹೀಗೇ ಸೀಟು ಬಿಡದೆ ಬಂಧನವಾದ 18 ವರ್ಷದ ಮೇರಿ ಲೂಯಿಸ್ ಸ್ಮಿತ್ ವಿಷಯದಲ್ಲಿ, ತಂದೆ ಕುಡುಕ ಎಂಬ ಮಾತು ಹಬ್ಬಿತು. ಮನೆಯವರು ಅದು ಸುಳ್ಳೆಂದರು. ಬಿಳಿಯರ ಕೋರ್ಟಿನಲ್ಲಿ, ಬಿಳಿಯರ ಪತ್ರಿಕೆಗಳಲ್ಲಿ ಬೆರಳು ತೋರಿಸಲು ಎಡೆಯಿಲ್ಲದಂಥ ಹೆಂಗಸು ಬೇಕು ಎಂಬ ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಅದರ ಬೆಲೆ ತೆತ್ತವಳು 15 ವರ್ಷದ ಹುಡುಗಿ ಎಂಬುದನ್ನು ಮಾತ್ರ ಒಪ್ಪಿಕೊಳ್ಳಲಾರೆ.

1955ರ ಡಿಸೆಂಬರ್ 1, ಗುರುವಾರ ಸಂಜೆ. ಕ್ಲೀವ್‌ಲೆಂಡ್ ಅವೆನ್ಯೂ ಮಾರ್ಗದ ಬಸ್ಸು. ನಡುವಿನ ಭಾಗದ ಮೊದಲ ಸಾಲಿನಲ್ಲಿ ನಾಲ್ವರು ಕಪ್ಪು ಜನ: ಕಿಟಕಿಯ ಪಕ್ಕ ಒಬ್ಬ ಗಂಡಸು, ಅವನ ಪಕ್ಕ ರೋಸಾ ಪಾರ್ಕ್ಸ್, ಓಣಿಯ ಆಚೆ ಇಬ್ಬರು ಹೆಂಗಸರು. ಒಬ್ಬ ಬಿಳಿಯನಿಗೆ ಸೀಟಿಲ್ಲ. ಒಂದೇ ಸೀಟು ಬೇಕು, ಆದರೆ ಬಿಳಿಯನು ಕೂರುವ ಸಾಲಿನಲ್ಲಿ ಕಪ್ಪು ಜನ ಇರಕೂಡದಾದ್ದರಿಂದ ನಾಲ್ವರೂ ಏಳಬೇಕು. ಮೂವರು ಎದ್ದರು. ಕಿಟಕಿಯವನು ಆಚೆ ಹೋಗಲೆಂದು ಕಾಲು ಸರಿಸಿದ ಪಾರ್ಕ್ಸ್, ಅವನು ಹೋದ ಮೇಲೆ ಕಿಟಕಿಯ ಪಕ್ಕಕ್ಕೆ ಜರುಗಿ ಕೂತರು. ಡ್ರೈವರ್ ಜೇಮ್ಸ್ ಬ್ಲೇಕ್. 1943ರಲ್ಲಿ ಹಿಂದಿನ ಬಾಗಿಲಿಗೆ ಹೋಗೆಂದು ಇದೇ ಪಾರ್ಕ್ಸ್ ಅವರನ್ನು ಬಸ್ಸಿನಿಂದ ಇಳಿಸಿದ್ದವನೂ ಇವನೇ.

ಅವತ್ತು ಕಾಲು ನೋಯುತ್ತಿದ್ದುದರಿಂದ ಕೂತದ್ದಲ್ಲ ಎಂದು ಪಾರ್ಕ್ಸ್ ಬದುಕಿದ್ದಷ್ಟು ಕಾಲವೂ ಹೇಳಿದರು. ಅವರಿಗೆ 42 ವರ್ಷ. ಹನ್ನೆರಡು ವರ್ಷದಿಂದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಕೆಲಸದಲ್ಲಿ ಇದ್ದವರು. 1944ರಲ್ಲಿ ರೀಸಿ ಟೇಲರ್ ಎಂಬ ಕಪ್ಪು ತರುಣಿಯ ಮೇಲೆ ಬಿಳಿಯರ ಗುಂಪು ಅತ್ಯಾಚಾರ ಮಾಡಿದಾಗ ಅಬ್‌ವಿಲ್ ಊರಿಗೆ ಹೋಗಿ ವಿಚಾರಿಸಿ ಬಂದವರು ಪಾರ್ಕ್ಸ್. ಕಾಲ್ವಿನ್ ಬರುತ್ತಿದ್ದ ಯುವಕೂಟವನ್ನು ನೋಡಿಕೊಳ್ಳುತ್ತಿದ್ದವರೂ ಅವರೇ. ಇಂಥ ಹೋರಾಟಗಾರ್ತಿಯನ್ನು ‘ಪಾಪ, ದಣಿದಿದ್ದಳು’ ಎಂದು ಮಕ್ಕಳಿಗೆ ಪರಿಚಯಿಸುವುದು ಸರಿಯಲ್ಲ.

ಆ ರಾತ್ರಿ ನಡೆದದ್ದನ್ನು ರಾಬಿನ್ಸನ್ 1987ರಲ್ಲಿ ಅಚ್ಚಾದ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಬಂಧನದ ಸುದ್ದಿ ವಕೀಲ ಫ್ರೆಡ್ ಗ್ರೇ ಅವರಿಂದ ತಿಳಿಯಿತು. ನಡುರಾತ್ರಿ ಕಾಲೇಜಿಗೆ ಹೋದರು. ವಾಣಿಜ್ಯ ವಿಭಾಗದ ಮುಖ್ಯಸ್ಥ ಜಾನ್ ಕ್ಯಾನನ್ ಅವರ ಸಹಾಯ ಕೇಳಿ, ನಂಬಿಕೆಯ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು, ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ತಿರುಗಿಸಲು ಶುರು ಮಾಡಿದರು. ಇನ್ನೊಬ್ಬ ಹೆಂಗಸನ್ನು ಬಂಧಿಸಿದ್ದಾರೆ, ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂಬ ಕರೆ. ಒಂದು ಹಾಳೆಗೆ ಮೂರು ಸಲ ಅದೇ ಒಕ್ಕಣೆ ಅಚ್ಚು ಮಾಡಿ, ಕತ್ತರಿಸಿದರೆ ಮೂರು ಕರಪತ್ರ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹತ್ತಾರು ಸಾವಿರ ಕರಪತ್ರಗಳ ಕಟ್ಟು ಸಿದ್ಧ. ಯಾವ ಕಟ್ಟು ಯಾವ ಶಾಲೆಗೆ, ಯಾವ ಬ್ಯೂಟಿ ಪಾರ್ಲರಿಗೆ, ಯಾರ ಕೈಗೆ ಎಂದು ಕೂತು ದಾರಿ ಗೊತ್ತು ಮಾಡಿದರು. ಎಂಟು ಗಂಟೆಗೆ ಅವರಿಗೆ ಕ್ಲಾಸು. ಕ್ಲಾಸು ತೆಗೆದುಕೊಂಡರು. ಆಮೇಲೆ ಆ ಇಬ್ಬರು ವಿದ್ಯಾರ್ಥಿಗಳ ಜೊತೆ ಕಾರಿನಲ್ಲಿ ಹೊರಟು, ಮೊದಲೇ ಫೋನು ಮಾಡಿಸಿಕೊಂಡು ಕಾಯುತ್ತಿದ್ದ ಮಂಡಳಿಯ ಹೆಂಗಸರ ಕೈಗೆ ಕಟ್ಟುಗಳನ್ನು ದಾಟಿಸಿದರು. ಸರ್ಕಾರಿ ಕಾಲೇಜಿನ ಕಾಗದ ಅದು. ಪ್ರಿನ್ಸಿಪಾಲರು ಕರೆಸಿ ಕೇಳಿದಾಗ ಅದರ ದುಡ್ಡು ಕಟ್ಟಿಕೊಡುತ್ತೇನೆಂದರು, ಮಂಡಳಿ ಕಟ್ಟಿಯೂ ಕೊಟ್ಟಿತು. ಈ ಭಾಗವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಮುಷ್ಕರದ ಹಿಂದಿನ ರಾತ್ರಿ ಹೇಗಿರುತ್ತದೆಂದು ಡಿಪೊಗಳಲ್ಲಿ ಕಂಡವಳು ನಾನು. ಯಾರು ಯಾರಿಗೆ ಹೇಳಬೇಕು ಎಂಬ ಪಟ್ಟಿ ಮೊದಲೇ ಇಲ್ಲದಿದ್ದರೆ ಮೂರು ದಿನದಲ್ಲಿ ಊರು ನಿಲ್ಲುವುದಿಲ್ಲ. ಆ ಪಟ್ಟಿ ರಾಬಿನ್ಸನ್ ಹತ್ತಿರ ಇತ್ತು, ವರ್ಷಗಟ್ಟಲೆ ಕೂಡಿಸಿ ಇಟ್ಟದ್ದು.

ಡಿಸೆಂಬರ್ 5, ಸೋಮವಾರ ಬಸ್ಸುಗಳು ಖಾಲಿ ಓಡಿದವು. ಪಾರ್ಕ್ಸ್ ಅವರಿಗೆ 10 ಡಾಲರ್ ದಂಡ, 4 ಡಾಲರ್ ಕೋರ್ಟು ಖರ್ಚು. ಅಂದೇ ಮಾಂಟ್ಗೊಮೆರಿ ಅಭಿವೃದ್ಧಿ ಸಂಘ ಹುಟ್ಟಿತು, 26 ವರ್ಷದ ಕಿಂಗ್ ಅಧ್ಯಕ್ಷರಾದರು.

ಆಮೇಲಿನ ಒಂದು ವರ್ಷ ನಡೆದವರು ಯಾರು? ಆ ಊರಿನಲ್ಲಿ ದುಡಿಯುವ ಕಪ್ಪು ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಳಿಯರ ಮನೆಗೆಲಸದವರು. ಬೆಳಗಿನ ಮೊದಲ ಟ್ರಿಪ್ಪಿಗೆ ಡ್ಯೂಟಿ ಮಾಡಿದ ಯಾರಿಗಾದರೂ ಅವರ ಮುಖ ಗೊತ್ತು. ನಮ್ಮಲ್ಲೂ ಕುವೆಂಪುನಗರ, ಸರಸ್ವತಿಪುರಂ ಕಡೆಯ ಬಸ್ಸಿಗೆ ಕತ್ತಲಲ್ಲೇ ಬಂದು ನಿಲ್ಲುವವರು ಪಾತ್ರೆ ತೊಳೆಯುವ, ಅಡುಗೆ ಮಾಡುವ ಹೆಂಗಸರು. ಬಸ್ಸಿನ ಗಲ್ಲಾ ತುಂಬುವುದು ದಿನಾ ತಪ್ಪದೆ ಹತ್ತುವ ಇಂಥವರಿಂದ. ಮಾಂಟ್ಗೊಮೆರಿಯಲ್ಲಿ ಇವರು ಹತ್ತುವುದನ್ನು ನಿಲ್ಲಿಸಿದ ಮೇಲೆ ಕಂಪನಿ ಜನವರಿಯಲ್ಲಿ 10 ಸೆಂಟಿನ ಟಿಕೆಟ್ಟನ್ನು 15ಕ್ಕೆ ಏರಿಸಿತು, ರೂಟುಗಳನ್ನು ಕಡಿಮೆ ಮಾಡಿತು. ಕಪ್ಪು ಟ್ಯಾಕ್ಸಿಯವರು ಹತ್ತೇ ಸೆಂಟಿಗೆ ಕರೆದುಕೊಂಡು ಹೋಗತೊಡಗಿದರೆ, ಕನಿಷ್ಠ ದರ 45 ಸೆಂಟೆಂದು ನಗರಾಡಳಿತ ಕಾನೂನು ಎತ್ತಿ ತೋರಿಸಿತು. ಆಗ ಸುಮಾರು 300 ಖಾಸಗಿ ಕಾರುಗಳ ವ್ಯವಸ್ಥೆ ಎದ್ದು ನಿಂತಿತು: ಗೊತ್ತಾದ ನಿಲ್ದಾಣ, ಗೊತ್ತಾದ ಹೊತ್ತು, ಗಾಡಿ ಕಳಿಸಲು ಜನ. ಕೆಲಸದವಳು ಬರದಿದ್ದರೆ ಮನೆ ನಡೆಯದ ಬಿಳಿಯ ಗೃಹಿಣಿಯರಲ್ಲಿ ಕೆಲವರು ತಾವೇ ಕಾರಿನಲ್ಲಿ ಹೋಗಿ ಕರೆತರುತ್ತಿದ್ದರು. ಹಾಗೆ ಮಾಡಬೇಡಿ ಎಂದು ಮೇಯರ್ ಗೇಲ್ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು.

ಕಾರಿಗೆ ಪೆಟ್ರೋಲು ಬೇಕು, ರಿಪೇರಿ ಬೇಕು, ಇನ್ಶೂರೆನ್ಸ್ ಬೇಕು. ಆ ದುಡ್ಡಿನಲ್ಲಿ ಒಂದು ಪಾಲು ಜಾರ್ಜಿಯಾ ಗಿಲ್ಮೋರ್ ಅಡುಗೆಮನೆಯಿಂದ ಬಂತು. ಆಕೆ ಒಂದು ಹೋಟೆಲಿನಲ್ಲಿ ಅಡುಗೆಯವರು, ಸೂಲಗಿತ್ತಿಯೂ ಹೌದು, ಮಕ್ಕಳ ತಾಯಿ. ದುಡ್ಡು ಹಾಕಿಸಿಕೊಂಡು, ಹಿಂದಿನ ಬಾಗಿಲಿಗೆ ಬಾ ಎಂದು ಇಳಿಸಿ, ಡ್ರೈವರ್ ಬಿಟ್ಟುಹೋದ ಮೇಲೆ ಇನ್ನು ಈ ಬಸ್ಸು ಹತ್ತುವುದಿಲ್ಲವೆಂದು ಅಕ್ಟೋಬರಿನಲ್ಲೇ ನಿರ್ಧಾರ ಮಾಡಿದ್ದವರು. ಬಹಿಷ್ಕಾರ ಶುರುವಾದಾಗ ಹೆಂಗಸರನ್ನು ಕೂಡಿಸಿ ಕೋಳಿ ಹುರಿದು, ಸ್ಯಾಂಡ್‌ವಿಚ್, ಕೇಕು, ಪೈ ಮಾಡಿ ಬ್ಯೂಟಿ ಪಾರ್ಲರುಗಳಲ್ಲಿ, ಅಂಗಡಿಗಳಲ್ಲಿ, ಸಭೆಗಳಲ್ಲಿ ಮಾರಿದರು. ತಿಂಡಿ ಮಾಡಿದವರ, ಕಾಸು ಕೊಟ್ಟವರ ಹೆಸರು ಹೊರಗೆ ಬಂದರೆ ಕೆಲಸ ಹೋಗುತ್ತದೆ. ದುಡ್ಡು ಎಲ್ಲಿಂದ ಬಂತು ಎಂದರೆ ಎಲ್ಲಿಂದಲೂ ಇಲ್ಲ ಎನ್ನುವ ಹಾಗೆ ಆ ಕೂಟಕ್ಕೆ ‘ಕ್ಲಬ್ ಫ್ರಮ್ ನೋವೇರ್’ ಎಂದೇ ಹೆಸರಿಟ್ಟರು. ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ ಗಿಲ್ಮೋರ್ ತಲೆಯಲ್ಲಿ ಮಾತ್ರ. ಚರ್ಚಿನ ಸಾರ್ವಜನಿಕ ಸಭೆಗಳಲ್ಲಿ ಎದ್ದು ನಿಂತು ಮೊತ್ತ ಹೇಳಿ ದುಡ್ಡು ಒಪ್ಪಿಸುತ್ತಿದ್ದರು. ಊರಿನ ಇನ್ನೊಂದು ಭಾಗದಲ್ಲಿ ಐನೆಜ್ ರಿಕ್ಸ್ ಕಟ್ಟಿದ್ದ ಕೂಟದೊಂದಿಗೆ ಯಾರು ಹೆಚ್ಚು ತರುತ್ತಾರೆಂಬ ಪೈಪೋಟಿ ನಡೆಯುತ್ತಿತ್ತು, ಸಭೆ ಎದ್ದು ಚಪ್ಪಾಳೆ ತಟ್ಟುತ್ತಿತ್ತು. ಬಹಿಷ್ಕಾರ ನಡೆಸಿದ್ದಕ್ಕಾಗಿ 1956ರ ಮಾರ್ಚಿನಲ್ಲಿ ಕೋರ್ಟಿನಲ್ಲಿ ನಡೆದ ಕಿಂಗ್ ಅವರ ವಿಚಾರಣೆಯಲ್ಲಿ ಗಿಲ್ಮೋರ್ ಸಾಕ್ಷಿ ಹೇಳಿದರು. ಕೆಲಸ ಹೋಯಿತು. ಕಿಂಗ್ ಧೈರ್ಯ ಹೇಳಿ ನೆರವಾದರು, ಆಕೆ ಮನೆಯಲ್ಲೇ ಊಟ ಹಾಕುವ ಉದ್ಯೋಗ ಹೂಡಿದರು. ಆ ಮೇಜಿನ ಸುತ್ತ ಕಿಂಗ್ ಮತ್ತು ಅವರ ಜೊತೆಗಾರರು ಊಟ ಮಾಡಿ ಸಭೆ ನಡೆಸುತ್ತಿದ್ದರು.

ಆ ವರ್ಷದ ಫೆಬ್ರವರಿಯಲ್ಲಿ 1921ರ ಬಹಿಷ್ಕಾರ ವಿರೋಧಿ ಕಾನೂನಿನಡಿ 89 ಜನರ ಮೇಲೆ ಕೇಸು ಬಿತ್ತು. ರಾಬಿನ್ಸನ್, ಪಾರ್ಕ್ಸ್ ಇಬ್ಬರೂ ಅದರಲ್ಲಿದ್ದರು. ರಾಬಿನ್ಸನ್ ಅವರ ಮನೆಯ ಕಿಟಕಿಗೆ ಕಲ್ಲು ಬಿತ್ತು, ಕಾರಿನ ಮೇಲೆ ಆಸಿಡ್ ಸುರಿದರು. ಪಾರ್ಕ್ಸ್ ಹೊಲಿಗೆಯ ಕೆಲಸ ಕಳೆದುಕೊಂಡಿದ್ದರು. ಪೊಲೀಸ್ ಅಧಿಕಾರಿ ಪಾರ್ಕ್ಸ್ ಬೆರಳಚ್ಚು ಒತ್ತಿಸುತ್ತಿರುವ ಪ್ರಸಿದ್ಧ ಫೋಟೊ ಈ ಎರಡನೇ ಬಂಧನದ್ದು, ಡಿಸೆಂಬರ್ 1ರದ್ದಲ್ಲ. ಬಸ್ಸಿನ ಕಿಟಕಿಯಾಚೆ ನೋಡುತ್ತಾ ಪಾರ್ಕ್ಸ್ ಕೂತಿರುವ, ಹಿಂದಿನ ಸೀಟಿನಲ್ಲಿ ಬಿಳಿಯನೊಬ್ಬ ಇರುವ ಇನ್ನೊಂದು ಫೋಟೊ ತೆಗೆದದ್ದು 1956ರ ಡಿಸೆಂಬರ್ 21ರಂದು, ಗೆದ್ದ ಮೇಲೆ, ಪತ್ರಿಕೆಯವರಿಗಾಗಿ. ಆ ಬಿಳಿಯ ನಿಕೊಲಸ್ ಕ್ರಿಸ್ ಎಂಬ ವರದಿಗಾರ. ಜಗತ್ತಿನ ನೆನಪಿನಲ್ಲಿ ಉಳಿದದ್ದು ಈ ಎರಡು ಫೋಟೊ. ಸೈಕ್ಲೋಸ್ಟೈಲ್ ತಿರುಗಿಸಿದ ರಾತ್ರಿ ಅಲ್ಲಿ ಕ್ಯಾಮೆರಾ ಇರಲಿಲ್ಲ.

ಗೆಲುವು ಬಂದದ್ದು ಪಾರ್ಕ್ಸ್ ಅವರ ಕೇಸಿನಿಂದಲೂ ಅಲ್ಲ. 1956ರ ಫೆಬ್ರವರಿ 1ರಂದು ಫ್ರೆಡ್ ಗ್ರೇ ಫೆಡರಲ್ ಕೋರ್ಟಿನಲ್ಲಿ ಬೇರೊಂದು ದಾವೆ ಹೂಡಿದರು: ಬ್ರೌಡರ್ ವಿರುದ್ಧ ಗೇಲ್. ದಾವೆದಾರರೆಲ್ಲ ಹೆಂಗಸರು. ಒರೇಲಿಯಾ ಬ್ರೌಡರ್, ಎಪ್ಪತ್ತು ದಾಟಿದ್ದ ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಕ್ಲಾಡೆಟ್ ಕಾಲ್ವಿನ್. ಐದನೆಯವರಾದ ಜನೆಟಾ ರೀಸ್ ಬೆದರಿಕೆ ತಾಳಲಾರದೆ ಹಿಂದೆ ಸರಿದರು, ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಮುಖಂಡರು ಯಾರನ್ನು ಬೇಡವೆಂದಿದ್ದರೋ ಆ ಇಬ್ಬರು ಹುಡುಗಿಯರೇ ಈಗ ಸಾಕ್ಷಿಕಟ್ಟೆ ಹತ್ತಿದರು. ನಿಮ್ಮ ನಾಯಕ ಯಾರು ಎಂದು ಎದುರು ಪಕ್ಷದ ವಕೀಲರು ಕಾಲ್ವಿನ್‌ಳನ್ನು ಕೇಳಿದರು, ಕಿಂಗ್ ಹೆಸರು ಬರಲೆಂದು. ನಮಗೆ ನಾವೇ ನಾಯಕರು ಎಂಬರ್ಥದ ಉತ್ತರ ಕೊಟ್ಟಳು. ಜೂನ್ 5ರಂದು ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಬಸ್ಸಿನ ವರ್ಣಭೇದ ಸಂವಿಧಾನಕ್ಕೆ ವಿರುದ್ಧ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಡಿಸೆಂಬರ್ 20ಕ್ಕೆ ಆದೇಶ ಮಾಂಟ್ಗೊಮೆರಿ ತಲುಪಿತು.

ಹೀಗೆ ಸೀಟು ಬಿಡದ ಹೆಂಗಸರದ್ದು ಹಳೆಯ ಸಾಲು. 1854ರಲ್ಲಿ ನ್ಯೂಯಾರ್ಕಿನ ಕುದುರೆ ಟ್ರಾಮಿನಿಂದ ತಳ್ಳಿಸಿಕೊಂಡು ಕೋರ್ಟಿನಲ್ಲಿ ಗೆದ್ದ ಎಲಿಜಬೆತ್ ಜೆನಿಂಗ್ಸ್, 1880ರ ದಶಕದಲ್ಲಿ ಟೆನೆಸಿಯ ರೈಲಿನಲ್ಲಿ ಸೀಟು ಬಿಡದ ಐಡಾ ಬಿ. ವೆಲ್ಸ್, 1944ರಲ್ಲಿ ವರ್ಜೀನಿಯಾದ ಬಸ್ಸಿನಲ್ಲಿ ಬಂಧನವಾದ ಐರೀನ್ ಮಾರ್ಗನ್. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ 1941ರಲ್ಲಿ ಲೂಸಿಯಾನಾದ ರೈಲಿನಲ್ಲಿ ಬಿಳಿಯರ ಡಬ್ಬಿ ಬಿಟ್ಟು ಏಳಲಿಲ್ಲ. ಟಿಕೆಟ್ ಕಲೆಕ್ಟರು ಯಾವ ದೇಶದವಳೆಂದು ಕೇಳಿದ. ಇಂಡಿಯಾದವಳೆಂದರೆ ಬಿಟ್ಟುಬಿಡುವ ದಾರಿ ಅದರಲ್ಲಿತ್ತು. ಅವರು ಆ ದಾರಿ ಹಿಡಿಯದೆ, ತಾನೂ ಕಪ್ಪು ಬಣ್ಣದವಳೇ, ಏಳುವುದಿಲ್ಲ ಎಂದರು. ಕರ್ನಾಟಕದವಳಾಗಿ ನನಗೆ ಇದು ಹೆಮ್ಮೆ.

ರಾಬಿನ್ಸನ್ 1960ರಲ್ಲಿ ಕಾಲೇಜು ಬಿಡಬೇಕಾಯಿತು; ಮುಂದೆ ಲಾಸ್ ಏಂಜಲೀಸಿನಲ್ಲಿ ಪಾಠ ಮಾಡಿ 1992ರಲ್ಲಿ ತೀರಿಕೊಂಡರು. ಗಿಲ್ಮೋರ್ 1990ರ ಮಾರ್ಚಿನಲ್ಲಿ ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾ ಪಾದಯಾತ್ರೆಯ 25ನೇ ವರ್ಷದ ನೆನಪಿನ ಕಾರ್ಯಕ್ರಮಕ್ಕೆ ಬರುವವರಿಗೆಂದು ಅಡುಗೆ ಮಾಡುತ್ತಿದ್ದಾಗ ತೀರಿಹೋದರು. ಪಾರ್ಕ್ಸ್ ಕೂತಿದ್ದ 2857ನೇ ನಂಬರಿನ ಬಸ್ಸು ವರ್ಷಗಟ್ಟಲೆ ಹೊಲದಲ್ಲಿ ಸಾಮಾನು ತುಂಬಿಕೊಂಡು ನಿಂತಿದ್ದು, ಈಗ ದುರಸ್ತಿಯಾಗಿ ಮಿಶಿಗನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿನಲ್ಲಿದೆ. ಕಾಲ್ವಿನ್ ನ್ಯೂಯಾರ್ಕಿಗೆ ಹೋಗಿ ವೃದ್ಧರ ಆರೈಕೆ ಕೇಂದ್ರದಲ್ಲಿ ಸಹಾಯಕಿಯಾಗಿ ದುಡಿದರು. 15ನೇ ವಯಸ್ಸಿನಲ್ಲಿ ಬಿದ್ದ ಆ ಕೇಸಿನ ದಾಖಲೆಯನ್ನು ಕೋರ್ಟು ಅಳಿಸಿಹಾಕಿದ್ದು 2021ರ ಕೊನೆಯಲ್ಲಿ, ಆಕೆಗೆ 82 ವರ್ಷವಾದಾಗ.

ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ರೋಸಾ ಪಾರ್ಕ್ಸ್ ಪಾಠ ಮಾಡುವ ದಿನ ಬೋರ್ಡಿನ ಮೇಲೆ ಒರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಕ್ಲಾಡೆಟ್ ಕಾಲ್ವಿನ್ ಎಂಬ ಹೆಸರುಗಳನ್ನೂ ಬರೆಯಿರಿ. ಕರಪತ್ರ ಅಚ್ಚು ಮಾಡಿದ ಜೋ ಆನ್ ರಾಬಿನ್ಸನ್, ಅಡುಗೆ ಮಾಡಿ ಮಾರಿದ ಜಾರ್ಜಿಯಾ ಗಿಲ್ಮೋರ್ ಅವರ ಹೆಸರನ್ನೂ ಬರೆಸಿ, ಮಕ್ಕಳ ಕೈಲಿ ಓದಿಸಿ.